ಸದ್ದಿಲ್ಲದೆ ತಿರುಗಿದ ತಟ್ಟೆ

ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಗುಬ್ಬಚ್ಚಿ,

ಮೊದಲಿಗೆ ನಿನ್ನ ಅಮ್ಮನ ತುಂಬುಪ್ರೀತಿಯ ನೆನಪುಗಳು. ಎಲ್ಲರೂ ಬರೆಯುವಂತೆ ‘ನಾನಿಲ್ಲಿ ಕ್ಷೇಮ’ ಎಂದು ಶುರುಮಾಡಲು ಹೊರಟೆ. ಬರೆದು, ಹೊಡೆದುಹಾಕಿ, ಈಗ ಬೇರೆ ಹಾಳೆ ತೆಗೆದುಕೊಂಡಿದ್ದೇನೆ.

ಇದೇನು ಅಮ್ಮ ಪತ್ರ ಬರೆಯುತ್ತಿದ್ದಾಳೆ ಎಂದು ನಿನಗೆ ಆಶ್ಚರ್ಯವಾಗಬಹುದು. ನನ್ನ ಫೋನು ಕೆಟ್ಟಿದೆ. ರಿಪೇರಿ ಅಂಗಡಿಯವನು ಇವತ್ತು ಬನ್ನಿ, ನಾಳೆ ಬನ್ನಿ ಎಂದು ಸತಾಯಿಸುತ್ತಿದ್ದಾನೆ. ನೀನು ಕಳೆದ ಸಲ ಫೋನಿನಲ್ಲಿ ಹೇಳಿದ ವಿಷಯ ನನ್ನ ಮನಸ್ಸಿನಲ್ಲೇ ಇದೆ. ಅದರ ಬಗ್ಗೆ ಕೊನೆಗೆ ಬರೆಯುತ್ತೇನೆ. ಮೊದಲು ನನ್ನ ಸಂಕಟವನ್ನು ಹೇಳಿಕೊಂಡುಬಿಡುತ್ತೇನೆ. ನನಗೆ ಭಯವಾಗಿದೆ, ಮಗಳೇ.

ಗುರುವಾರ ನಮ್ಮ ವಿಭಾಗದ ಮುಖ್ಯಸ್ಥರು ನನ್ನ ತರಗತಿಗೆ ಬಂದು ಕೂರುತ್ತಾರೆ. ಅರೆಕಾಲಿಕ ಉಪನ್ಯಾಸಕರ ಪಾಡು ನಿನಗೆ ತಿಳಿಯದ್ದಲ್ಲ. ಪ್ರತಿ ಸೆಮಿಸ್ಟರಿನ ಅವಧಿ ಮುಗಿಯುವಾಗಲೂ ನಮ್ಮನ್ನು ಹೊಸದಾಗಿ ನೋಡಿ, ಮುಂದಿನ ಅವಧಿಗೆ ಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಅದರಲ್ಲೂ ನನ್ನದು ಹಿಪ್‌ಹಾಪ್ ಇತಿಹಾಸ. ಅಂಥದ್ದೊಂದು ಪಾಠ ವಿಶ್ವವಿದ್ಯಾಲಯಕ್ಕೆ ಬೇಕೇ ಎನ್ನುವವರು ಮೊದಲಿನಿಂದಲೂ ಇದ್ದಾರೆ. ಮುಖ್ಯಸ್ಥರೇ ಒಮ್ಮೆ ಕಾರಿಡಾರಿನಲ್ಲಿ ಎದುರಾಗಿ, “ಏನ್ ಮೇಡಂ, ಇವತ್ತೂ ಬೈಗುಳಕ್ಕೆ ವ್ಯಾಕರಣ ಹೇಳ್ಕೊಟ್ರಾ?” ಎಂದು ಕೇಳಿದ್ದರು. “ಬೈಯೋದಕ್ಕೂ ತಾಳ ಬೇಕಲ್ಲ ಸರ್” ಎಂದಿದ್ದೆ. ಇಬ್ಬರೂ ನಕ್ಕೆವು. ಆಗ ಅವರ ನಗೆ ನನಗೆ ಚೆನ್ನಾಗಿ ಕೇಳಿಸಿತ್ತು. ಈಗ ಯಾರಾದರೂ ನಕ್ಕರೋ ಇಲ್ಲವೋ ಎಂದು ತಿಳಿಯಲು ಅವರ ಹಲ್ಲು ನೋಡುತ್ತೇನೆ.

ಹೌದು, ನನ್ನ ಕಿವಿ ಹೋಗುತ್ತಿದೆ. ನೀನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೂತು ಊರವರ ಕಾಯಿಲೆಗಳನ್ನೆಲ್ಲ ಪತ್ತೆಹಚ್ಚುತ್ತೀಯೆ, ನಿನ್ನ ಅಮ್ಮನದು ಮಾತ್ರ ನಿನ್ನ ಕಣ್ಣು ತಪ್ಪಿಸಿತು. ಕಿವಿಯ ಡಾಕ್ಟರು ಒಂದೇ ಪ್ರಶ್ನೆ ಕೇಳಿದರು: “ಚಿಕ್ಕ ವಯಸ್ಸಿನಲ್ಲಿ ಎಲ್ಲಿ ಕೆಲಸ ಮಾಡ್ತಿದ್ರಿ?” ಕ್ಲಬ್ಬಿನ ನೆಲಮಾಳಿಗೆಯಲ್ಲಿ ಡಿಜೆ ಆಗಿದ್ದೆ, ಒಂದು ಕಿವಿಗೆ ಹೆಡ್‌ಫೋನು, ಇನ್ನೊಂದು ಕಿವಿ ಸ್ಪೀಕರಿನ ಕಡೆಗೆ ಎಂದೆ. ಅವರು ಪೆನ್ನು ಕೆಳಗಿಟ್ಟರು. ಯಂತ್ರ ಹಾಕಿಕೊಂಡರೆ ಮಾತಿಗೆ ಆಗುತ್ತದೆ, ಸಂಗೀತಕ್ಕೆ ಅಷ್ಟಕ್ಕಷ್ಟೇ ಎಂದರು. ಯಂತ್ರ ತಂದಿದ್ದೇನೆ. ಮೇಜಿನ ಡ್ರಾಯರಿನಲ್ಲಿ, ಹಳೆಯ ಬ್ಯಾಟರಿಗಳ ಪಕ್ಕದಲ್ಲಿ, ಪೆಟ್ಟಿಗೆ ಬಿಚ್ಚದೆ ಇಟ್ಟಿದ್ದೇನೆ. ಕಿವಿಯಲ್ಲಿ ಯಂತ್ರ ಸಿಕ್ಕಿಸಿಕೊಂಡವಳು ಕೇಳುವುದನ್ನು ಕಲಿಸುತ್ತಾಳಂತೆ ಎಂಬ ಮಾತನ್ನು ಯಾರೂ ಇನ್ನೂ ಆಡಿಲ್ಲ. ಆದರೂ ಅದು ನನಗೆ ಎಲ್ಲ ಗೋಡೆಗಳಿಂದಲೂ ಕೇಳಿಸುತ್ತದೆ. ಉಳಿದದ್ದು ಕೇಳಿಸದಿದ್ದರೂ.

ಇಷ್ಟು ದಿನ ಹೇಗೆ ನಡೆಸಿದೆ ಎಂದು ಕೇಳುತ್ತೀಯೆ. ಕಣ್ಣಿನಿಂದ. ಹಾಡಿನ ನಡುವೆ ಗಾಯಕ, ಗಿಟಾರು ಎಲ್ಲ ಪಕ್ಕಕ್ಕೆ ಸರಿದು ಡ್ರಮ್ಮು ಒಂದೇ ಉಳಿಯುವ ಜಾಗವಿದೆಯಲ್ಲ, ಅದಕ್ಕೆ ‘ಬ್ರೇಕ್’ ಎನ್ನುತ್ತೇವೆ. ನನ್ನ ಪಾಠವೆಲ್ಲ ಅಲ್ಲಿಂದಲೇ ಹುಟ್ಟುವುದು. ಈ ಸಂಗೀತ ಹುಟ್ಟಿದ ಬಡ ಬಡಾವಣೆಯ ಹುಡುಗರು ಒಂದೇ ಹಾಡಿನ ಎರಡು ಗ್ರಾಮಫೋನು ತಟ್ಟೆಗಳನ್ನು ಪಕ್ಕಪಕ್ಕ ಇಟ್ಟು, ಇದು ಮುಗಿಯುತ್ತಿದ್ದಂತೆ ಅದು, ಅದು ಮುಗಿಯುತ್ತಿದ್ದಂತೆ ಇದು ಎಂದು ಆ ಪುಟ್ಟ ಜಾಗವನ್ನು ಕುಣಿಯುವವರು ದಣಿಯುವವರೆಗೂ ಹಿಗ್ಗಿಸಿದರು. ಆ ಜಾಗ ಸುಲಭವಾಗಿ ಸಿಗಲೆಂದು ತಟ್ಟೆಯ ಮೇಲೆ ಗುರುತು ಅಂಟಿಸುವುದು ಡಿಜೆಗಳ ಹಳೆಯ ರೂಢಿ. ನನ್ನ ಎಲ್ಲ ತಟ್ಟೆಗಳ ಮೇಲೂ ಆ ಬಣ್ಣದ ಚೂರುಗಳಿವೆ. ಚಿಕ್ಕವಳಿದ್ದಾಗ ನೀನು ಅವನ್ನು ಕಿತ್ತು ಹಣೆಗೆ ಅಂಟಿಸಿಕೊಂಡು ನನ್ನಿಂದ ಬೈಸಿಕೊಂಡಿದ್ದೆ. ಗುರುತು ನೋಡಿ ಮುಳ್ಳು ಇಡುತ್ತೇನೆ, ಸದ್ದು ಬೆರೆಸುವ ಮಿಕ್ಸರಿನ ಪುಟ್ಟ ಹಸಿರು ದೀಪಗಳು ಕುಣಿಯುವುದನ್ನು ನೋಡುತ್ತೇನೆ, ಮಾತು ಮುಂದುವರಿಸುತ್ತೇನೆ. ಯಾರಿಗೂ ಗೊತ್ತಾಗಿಲ್ಲ ಎಂದುಕೊಂಡಿದ್ದೆ.

ಕಳೆದ ಗುರುವಾರ ಏನಾಯಿತೆಂದು ಕೇಳು. ಗುರುತಿನ ಮೇಲೆ ಮುಳ್ಳು ಇಟ್ಟೆ. ದೀಪಗಳು ಕುಣಿದವು. “ಇಲ್ಲಿ ಗಮನಿಸಿ, ಡ್ರಮ್ಮಿನವನು ಬೇಕಂತಲೇ ಒಂದ್ ಚೂರು ಹಿಂದೆ ಬೀಳ್ತಾನೆ, ಸೋಮಾರಿ ನಡಿಗೆ ಥರ” ಎನ್ನುತ್ತ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿದೆ. ಮಕ್ಕಳ ಮುಖಗಳು ಒಂದು ಕ್ಷಣ ವಿಚಿತ್ರವಾದವು. ಪಕ್ಕದವರನ್ನು ನೋಡಿದರು. ಆಮೇಲೆ ಮುಂದಿನ ಬೆಂಚಿನ ಉದ್ದನೆಯ ಹುಡುಗ, ಎಲ್ಲರೂ ‘ಏಣಿ’ ಎಂದು ಕರೆಯುವವನು, ತಲೆ ತಗ್ಗಿಸಿ ಮೆಲ್ಲಗೆ ತೂಗತೊಡಗಿದ. ಅವನನ್ನು ನೋಡಿ ಅವನ ಪಕ್ಕದವಳು. ನೋಡನೋಡುತ್ತ ಇಡೀ ತರಗತಿ ಒಂದೇ ತಾಳಕ್ಕೆ ತಲೆದೂಗಿತು. ನನಗೆ ಕಣ್ಣು ತುಂಬಿಬಂತು. ಅಂತೂ ಈ ಮಕ್ಕಳಿಗೆ ತಾಳ ಹತ್ತಿತು ಎಂದು ಹಿಗ್ಗಿಹೋದೆ.

ಎಲ್ಲರೂ ಹೋದ ಮೇಲೆ ತಟ್ಟೆಗಳನ್ನು ಚೀಲಕ್ಕೆ ಹಾಕುವಾಗ ನೋಡಿದೆ. ಸದ್ದನ್ನು ಹೊರಗೆ ಬಿಡುವ ಫೇಡರ್ ತಳಕ್ಕೆ ಇಳಿದೇ ಇತ್ತು. ಹಸಿರು ದೀಪಗಳು ಒಳಗೆ ಬರುವ ಸದ್ದನ್ನು ತೋರಿಸುತ್ತವೆ, ಹೊರಗೆ ಹೋಗುವುದನ್ನಲ್ಲ. ಹೊಸದಾಗಿ ಕಲಿಯುವವರಿಗೆ ನಾನೇ ಹೇಳಿಕೊಡುವ ಮೊದಲ ಪಾಠ ಅದು. ಅಷ್ಟು ಹೊತ್ತೂ ಆ ಕೋಣೆಯಲ್ಲಿ ಒಂದು ಹನಿ ಸಂಗೀತ ಇರಲಿಲ್ಲ. ತಟ್ಟೆ ಸದ್ದಿಲ್ಲದೆ ತಿರುಗಿತ್ತು, ಮಕ್ಕಳು ನನ್ನ ಬೆರಳು ನೋಡಿ ತಲೆದೂಗಿದ್ದರು.

ನಾಚಿಕೆಯಾಯಿತು, ನಿಜ. ಆದರೆ ನಾನು ಹೆದರಿದ್ದು ಬೇರೊಂದು ಕಾರಣಕ್ಕೆ. ಗುಬ್ಬಚ್ಚಿ, ನನಗೆ ಆ ಹಾಡು ಕೇಳಿಸಿತ್ತು. ಪ್ರತಿಯೊಂದು ಪೆಟ್ಟೂ ಕೇಳಿಸಿತ್ತು. ಬದುಕಿಡೀ ಕೇಳಿದ ಹಾಡನ್ನು ನೆನಪು ತಾನೇ ನುಡಿಸಿ ಕಿವಿಗೆ ಒಪ್ಪಿಸಿತ್ತು. ಅಂದಿನಿಂದ ಏನು ಕೇಳಿಸಿದರೂ ಇದು ಹೊರಗಿನದೋ ಒಳಗಿನದೋ ಎಂದು ತಡೆದು ನಿಲ್ಲುತ್ತೇನೆ. ಬಾಗಿಲು ಬಡಿದಂತಾಗುತ್ತದೆ, ಹೋಗಿ ತೆರೆದರೆ ಯಾರೂ ಇರುವುದಿಲ್ಲ. ಯಾರೋ ಬಡಿಯುತ್ತಲೇ ಇದ್ದಾಗ ನಾನು ಒಳಗೆ ಬಟ್ಟೆ ಮಡಚುತ್ತ ಕೂತಿರುತ್ತೇನೆ.

ಈ ಕೆಲಸ ಹೋದರೆ ನಾನು ಉಪವಾಸ ಬೀಳುವುದಿಲ್ಲ. ಆದರೆ ನನ್ನ ನಂತರ ಈ ಪಾಠಕ್ಕೆ ಬೇರೆಯವರಿಲ್ಲ. ನಾನು ಹೊರಟ ದಿನವೇ ಅದನ್ನು ಮುಚ್ಚುತ್ತಾರೆ. ಮೊದಲ ವಾರ ಬಾಯಿಯೇ ಬಿಡದಿದ್ದ ಮಕ್ಕಳು ಈಗ ತಮ್ಮ ಬೀದಿಯ ಬಗ್ಗೆ ಎದ್ದು ನಿಂತು ನುಡಿಯುತ್ತಾರೆ. ಅವರನ್ನು ನಡುದಾರಿಯಲ್ಲಿ ಕೈಬಿಡಲಾರೆ. ಗುರುವಾರ ಫೇಡರನ್ನು ಹತ್ತು ಸಲ ನೋಡಿಕೊಳ್ಳುತ್ತೇನೆ. ಆದರೆ ಮುಖ್ಯಸ್ಥರು ಹಿಂದಿನ ಬೆಂಚಿನಲ್ಲಿ ಕೂತು, ಬಾಯಿಗೆ ಕೈ ಅಡ್ಡ ಇಟ್ಟು ಮಾತಾಡುವವರು. ತುಟಿ ಕಾಣದಿದ್ದರೆ ನಾನು ಮುಗಿದೆ.

ಇಲ್ಲಿಗೆ ನಿಲ್ಲಿಸುತ್ತೇನೆ. ಅಂಚೆಗೆ ಹಾಕುವುದಿಲ್ಲ. ಗುರುವಾರ ಕಳೆಯಲಿ.

ಶನಿವಾರ, ಮಾರ್ಚ್ ೧೫

ಕಳೆಯಿತು. ಹೇಗೆಂದು ಬರೆಯುತ್ತೇನೆ.

ತರಗತಿಗೆ ಹೋದಾಗ ಸ್ಪೀಕರ್ ಪೆಟ್ಟಿಗೆಗಳು ತಮ್ಮ ಕಬ್ಬಿಣದ ಕಾಲುಗಳ ಮೇಲೆ ಇರಲಿಲ್ಲ. ಯಾರೋ ಅವನ್ನು ಇಳಿಸಿ, ನಾನು ನಿಲ್ಲುವ ಮರದ ವೇದಿಕೆಯ ಮೇಲೆ, ಹಲಗೆಗೆ ಒತ್ತಿ ಇಟ್ಟಿದ್ದರು. ಮುಖ್ಯಸ್ಥರೂ ಅದನ್ನು ಗಮನಿಸಿ, “ಇದ್ಯಾಕ್ರೋ ನೆಲಕ್ಕೆ ಬಂತು?” ಎಂದರಂತೆ. ಏಣಿ ಎದ್ದು, “ಬೀಟು ಕಾಲಿಂದ ಹತ್ಬೇಕು ಸರ್, ಆಮೇಲೆ ತಲೆಗೆ” ಎಂದನಂತೆ. ಇವೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಗೊತ್ತಾದದ್ದು ಇಷ್ಟೇ: ಗುರುತಿನ ಮೇಲೆ ಮುಳ್ಳು ಇಟ್ಟೆ, ಫೇಡರ್ ಏರಿಸಿದೆ, ಅಂಗಾಲಿನಿಂದ ಮೊಣಕಾಲಿನವರೆಗೆ ಡ್ರಮ್ಮು ಹತ್ತಿಬಂತು. ಹಲಗೆ ನಡುಗುತ್ತಿತ್ತು. ಇದು ಹೊರಗಿನದು, ನೆನಪಲ್ಲ, ನಿಜವಾದದ್ದು. ಅಲ್ಲಿಯೇ ಅತ್ತುಬಿಡುತ್ತಿದ್ದೆ, ಮೇಜು ಹಿಡಿದುಕೊಂಡೆ.

ಆಮೇಲೆ ನಾನು ಹೆದರಿದ್ದೇ ಆಯಿತು. ಮುಖ್ಯಸ್ಥರು ಬಾಯಿಗೆ ಕೈ ಅಡ್ಡ ಇಟ್ಟು ಏನೋ ಕೇಳಿದರು. ಅವರ ಹುಬ್ಬು ಏರಿದ್ದರಿಂದ ಅದು ಪ್ರಶ್ನೆ ಎಂದಷ್ಟೇ ತಿಳಿಯಿತು. ನಕ್ಕೆ. ಅವರು ಕಾಯುತ್ತಿದ್ದರು. ಅಷ್ಟರಲ್ಲಿ ಮಧ್ಯದ ಸಾಲಿನ ಹುಡುಗಿ, ನಾನು ‘ಲೊಡಲೊಡೆ’ ಎಂದು ಕರೆಯುವವಳು, ಬೆಂಚು ಬಡಿದು ಎದ್ದು ಆ ಪ್ರಶ್ನೆಯನ್ನೇ ತಾಳ ಹಾಕಿ ಕೂಗಿದಳು: “ಪದ ಮೊದಲಾ, ತಾಳ ಮೊದಲಾ?” ಇಡೀ ತರಗತಿ ಎದ್ದು ಮರುಕೂಗಿತು: “ಪದ ಮೊದಲಾ, ತಾಳ ಮೊದಲಾ?” ಕಿವುಡು ಗೋಡೆಗೂ ಕೇಳುವಷ್ಟು ಜೋರಾಗಿ. ಒಬ್ಬರು ಕೂಗಿದರೆ ಗುಂಪು ಮರುಕೂಗುವುದು ಈ ಕಲೆಯ ಜೀವಾಳ ಎಂದು ನಾನೇ ಪಾಠ ಮಾಡಿದ್ದೆ. ಉತ್ತರ ಹೇಳಿದೆ. ಚೆನ್ನಾಗಿಯೇ ಹೇಳಿದೆನಂತೆ. ಆಮೇಲೆ ಅವರು ಕೇಳಿದ ಪ್ರತಿಯೊಂದು ಪ್ರಶ್ನೆಯೂ ಹಾಗೆಯೇ ಮರುಕೂಗಾಗಿ ನನ್ನ ಬಳಿ ಬಂತು. ಕೊನೆಗೆ ಮುಖ್ಯಸ್ಥರೇ ಬೆಂಚು ಬಡಿಯುತ್ತಿದ್ದರು.

ನಿನಗೆ ಸಂತೋಷವಾಗುತ್ತಿರಬಹುದು. ನನಗೂ ಆಯಿತು, ಮೆಟ್ಟಿಲು ಇಳಿಯುವವರೆಗೆ. ಕೆಳಗೆ ಮುಖ್ಯಸ್ಥರು ಎದುರು ನಿಂತು, ಈ ಸಲ ಕೈ ಅಡ್ಡ ಇಡದೆ ಹೇಳಿದರು: “ಮುಂದಿನ ಅವಧಿಗೆ ದೊಡ್ಡ ಸಭಾಂಗಣ ಕೊಡ್ತೀನಿ ಮೇಡಂ. ಬೇರೆ ವಿಭಾಗದ ಮಕ್ಕಳೂ ಬರಲಿ.” ಆ ಸಭಾಂಗಣವನ್ನು ಹೋಗಿ ನೋಡಿದೆ. ನೆಲವೆಲ್ಲ ಸಿಮೆಂಟು. ವೇದಿಕೆಯೂ ಸಿಮೆಂಟು. ಚಪ್ಪಲಿ ಬಿಟ್ಟು ಅದರ ಮೇಲೆ ನಿಂತೆ. ಸತ್ತ ಕಲ್ಲು. ಖಾಲಿ ಕುರ್ಚಿಗಳ ಸಾಲುಗಳು ಕತ್ತಲಿನತನಕ ಹೋಗಿದ್ದವು. ಪ್ರತಿಯೊಂದು ಕುರ್ಚಿಯೂ ನನಗೆ ಕೇಳಿಸದ ಏನನ್ನೋ ಹೇಳುತ್ತಿರುವಂತಿತ್ತು.

ಹೊರಗೆ ಬಂದರೆ ಏಣಿ, ಲೊಡಲೊಡೆ ಇಬ್ಬರೂ ಕಾಯುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಲೊಡಲೊಡೆ, “ಮೇಡಂ, ಏನೂ ಹೇಳ್ಬೇಡಿ. ಒಬ್ರು ಕೂಗಿದ್ರೆ ಗುಂಪು ಇರ್ಬೇಕು ಅಂದ್ರಲ್ಲ. ಗುಂಪು ಇದೀವಿ” ಎಂದಳು. ಅವಳ ತುಟಿಗಳಿಂದಲೇ ಓದಿಕೊಂಡೆ. ಏಣಿ ಮಾತ್ರ ನೆಲ ನೋಡುತ್ತಿದ್ದ. ಅವನ ಗಲ್ಲ ಹಿಡಿದು ಮುಖ ಎತ್ತಿಸಿದೆ. ಅವನು ಕೇಳಿದ: “ಮೇಡಂ, ಮೊದಮೊದಲು ಕಿವಿಯೊಳಗೆ ಸೀಟಿ ಊದಿದ ಹಾಗೆ ಕೇಳತ್ತಾ?”

ಅವನು ವಾರಕ್ಕೊಮ್ಮೆ ಕ್ಲಬ್ಬಿನಲ್ಲಿ ತಟ್ಟೆ ನುಡಿಸುತ್ತಾನೆ. ನಾನು ನಿಲ್ಲುತ್ತಿದ್ದಂಥದೇ ಜಾಗ, ಅದೇ ರೀತಿ ಒಂದು ಕಿವಿಗೆ ಹೆಡ್‌ಫೋನು. ಸೀಟಿ ಕೆಲವು ವಾರಗಳಿಂದ ಇದೆಯಂತೆ. ಹೋಗುತ್ತದೆ ಎಂದುಕೊಂಡು ಸುಮ್ಮನಿದ್ದನಂತೆ.

ಗುಬ್ಬಚ್ಚಿ, ಅಲ್ಲಿಯವರೆಗೂ ನನ್ನ ಭಯವೆಲ್ಲ ನನ್ನದೇ ಆಗಿತ್ತು. ಪೋಸ್ಟರುಗಳ ಬಗ್ಗೆ, ಗೋಡೆ ಚಿತ್ರಗಳ ಬಗ್ಗೆ, ಕುಣಿತಕ್ಕೆಂದು ಬೀದಿ ದೀಪದ ಕಂಬದಿಂದ ಕರೆಂಟು ಎಳೆದದ್ದರ ಬಗ್ಗೆ ಎಲ್ಲ ಪಾಠ ಮಾಡಿದ್ದೇನೆ. ಈ ಸಂಗೀತ ಅದನ್ನು ಕಟ್ಟಿದವರ ಕಿವಿಗೆ ಏನು ಮಾಡಬಲ್ಲದು ಎಂದು ಒಂದು ದಿನವೂ ಹೇಳಲಿಲ್ಲ. ಹೇಳಿದರೆ ನನ್ನ ಕಡೆಗೆ ನೋಡುತ್ತಾರೆಂಬ ಹೆದರಿಕೆ. ಮುಂದಿನ ಬೆಂಚಿನಲ್ಲಿ, ನನ್ನ ಕೈಗೆಟಕುವ ದೂರದಲ್ಲಿ, ಆ ಹುಡುಗ ಸೀಟಿಯೊಂದನ್ನು ತಲೆಯೊಳಗೆ ಇಟ್ಟುಕೊಂಡು ನನಗಾಗಿ ತಲೆದೂಗುತ್ತಿದ್ದ.

ಸೋಮವಾರ ಬೆಳಿಗ್ಗೆ ಅವನನ್ನು ಕಿವಿಯ ಡಾಕ್ಟರ ಬಳಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಂದ ನೇರವಾಗಿ ಮುಖ್ಯಸ್ಥರ ಕೋಣೆಗೆ. ಯಂತ್ರ ಹಾಕಿಕೊಂಡೇ ಹೋಗುತ್ತೇನೆ. ಮರದ ವೇದಿಕೆಯ ಆ ಹಳೆಯ ಕೋಣೆಯನ್ನೇ ಕೊಡಿ, ಮುಂದಿನ ಅವಧಿಯ ಮೊದಲ ಪಾಠ ಕಿವಿಯ ಬಗ್ಗೆ ಮಾಡುತ್ತೇನೆ ಎಂದು ಕೇಳುತ್ತೇನೆ. ಅವರು ಬೇಡವೆಂದರೆ ಈ ಪಾಠ ಅಲ್ಲಿಗೆ ಮುಗಿಯುತ್ತದೆ. ಬೇಡವೆನ್ನಬಹುದು. ಆದರೆ ಮಕ್ಕಳು ನನ್ನ ಸುಳ್ಳನ್ನು ಎಷ್ಟು ಚೆಂದದ ತಾಳದಲ್ಲಿ ಹೊತ್ತರೂ ಅದು ಸುಳ್ಳಿನ ಭಾರವೇ. ಅವರ ವಯಸ್ಸಿಗೆ ಅದು ಬೇಡ. ಅವರ ಮೇಲೆ ನನಗಿರುವ ಭರವಸೆ ದೊಡ್ಡದು. ಅದಕ್ಕೆ ತಕ್ಕ ಟೀಚರು ನಾನಾಗಬೇಕು.

ಊಟ ಬಿಡಬೇಡ. ಮೈಕ್ರೋಸ್ಕೋಪಿನಿಂದ ಆಗಾಗ ತಲೆಯೆತ್ತಿ ಕಿಟಕಿಯಾಚೆ ನೋಡು.

ನಿನ್ನವಳೇ ಆದ,
ಅಮ್ಮ

ಮರೆತ ಮಾತು: ನನ್ನ ಫೋನು ಕೆಟ್ಟಿಲ್ಲ. ರಿಪೇರಿಯವನೂ ಇಲ್ಲ. ತುಂಬ ದಿನಗಳಿಂದ ಫೋನಿನಲ್ಲಿ ನಿನ್ನ ದನಿ ನನಗೆ ನೀರಿನೊಳಗಿನಿಂದ ಬಂದಂತೆ ಬರುತ್ತದೆ. ‘ಹೂಂ’, ‘ಹೌದಾ’, ‘ಸರಿ ಕಂದ’ ಎಂದು ಸರಿದೂಗಿಸುತ್ತ ಬಂದಿದ್ದೇನೆ. ಕಳೆದ ಸಲ ನೀನು ತುಂಬ ಹೊತ್ತು ಮಾತಾಡಿದೆ. ನಡುವೆ ಒಮ್ಮೆ ತಡೆದೆ. ಅತ್ತೆಯೋ ನಕ್ಕೆಯೋ ತಿಳಿಯಲಿಲ್ಲ. ನಾನು, “ಒಳ್ಳೇದೇ ಆಯ್ತು ಬಿಡು” ಎಂದೆ. ಫೋನಿನ ಬೆಳಕು ಆರಿತು. ಅಂದಿನಿಂದ ನೀನು ಫೋನು ಮಾಡಿಲ್ಲ. ಏನು ಹೇಳಿದ್ದೆ, ಮಗಳೇ? ಬರೆದು ಕಳಿಸು.