ನಾನು ಅಳಿಸಿದ ಹೊಗಳಿಕೆ

ಧಾರವಾಡ
೧೭ ನವೆಂಬರ್ ೨೦೨೪

ಮುದ್ದಿನ ಮೆರ್ಲಿನ್‌ಗೆ,

ಕರ್ತನ ದಯೆಯಿಂದ ನಾನು ಆರಾಮ. ನೀನೂ ಅಳಿಯ ಮ್ಯಾಥ್ಯೂನೂ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ನವನಗರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ಆದರೂ ಕಾಗದ ಬರೆಯುತ್ತಿದ್ದೇನೆ. ನೀನು ಫೋನ್ ಎತ್ತುವುದಿಲ್ಲ, ಎದುರು ಬಂದರೆ ನಾನು ವಾದಕ್ಕೆ ನಿಲ್ಲುತ್ತೇನೆ. ತಡವಾದದ್ದಕ್ಕೆ ಕ್ಷಮಿಸು, ಆರು ವಾರ ನಾನೇ ಸರಿ ಎಂದುಕೊಂಡು ಕೂತಿದ್ದೆ.

ಅಂತರ್ಜಾಲದಲ್ಲಿ ಎಲ್ಲರೂ ಕೂಡಿ ಬರೆಯುವ ಆ ಪ್ರವಾಸಿ ಕೈಪಿಡಿಯಲ್ಲಿ ಹುಬ್ಬಳ್ಳಿ-ಧಾರವಾಡದ ಪುಟವನ್ನು ಶಾಲೆಯಿಂದ ನಿವೃತ್ತಳಾದಾಗಿನಿಂದ ನಾನೇ ತಿದ್ದುತ್ತಿರುವುದು ನಿನಗೆ ಗೊತ್ತು. ಅಲ್ಲಿ ಅಭಿಪ್ರಾಯಕ್ಕೇನೂ ಅಡ್ಡಿಯಿಲ್ಲ. ಉಣಕಲ್ ಕೆರೆಗೆ ಸಂಜೆ ಹೋಗಿ, ಮಧ್ಯಾಹ್ನ ಬೇಡ ಎಂದು ಬರೆಯಬಹುದು. ಬರೆಯಲೇಬೇಕು, ಇಲ್ಲದಿದ್ದರೆ ಅದು ಬರೀ ವಿಳಾಸಗಳ ಪಟ್ಟಿ. ಆದರೆ ತಮ್ಮವರ ಅಂಗಡಿಯನ್ನು ತಾವೇ ಹೊಗಳುವಂತಿಲ್ಲ. ನಿನ್ನ ಅತಿಥಿಗೃಹದಲ್ಲಿ ತಂಗಿದ್ದ ಬಿಲಾಲ ಎಂಬವರು "ಊರಲ್ಲಿ ಇದಕ್ಕಿಂತ ಒಳ್ಳೆಯ ನಾಷ್ಟಾ ನನಗೆ ಸಿಗಲಿಲ್ಲ" ಎಂದು ಬರೆದಾಗ ನಾನು ಅದನ್ನು ಅಳಿಸಿಬಿಟ್ಟೆ. ಕಾರಣದ ಜಾಗದಲ್ಲಿ 'ವೈಯಕ್ತಿಕ ಅಭಿಪ್ರಾಯ' ಎಂದು ಬರೆದೆ. ಪುಟದ ಇತಿಹಾಸದಲ್ಲಿ ನನ್ನ ಹೆಸರು ನೋಡಿ ನೀನು ಫೋನ್ ಮಾಡಿದೆ.

"ಮಮ್ಮಿ, ಅದನ್ನ ನಾ ಬರಸೇನೇನು? ತಿಂದವ್ರು ಹೇಳ್ಯಾರ. ನಿನ್ನ ಮಗಳಾಗಿದ್ದೇ ನನ್ನ ತಪ್ಪೇನು?" ಅಂದೆ. ನಾನು ತಮ್ಮವರ ಅಂಗಡಿಯ ನಿಯಮ ಓದಿ ಹೇಳಿದೆ. ನೀನು ಫೋನ್ ಇಟ್ಟೆ.

ಮೊನ್ನೆ ಅದೇ ಪುಟಕ್ಕೆ ಬರೆಯುವ ಅಂಬರೀಷ ಮನೆಗೆ ಬಂದಿದ್ದ. ಚಹಾ ಕುಡಿಯುತ್ತ, "ಟೀಚರ್, ಸಿಟ್ಟಾಗಬ್ಯಾಡ್ರಿ. ಬ್ಯಾರೇವ್ರ ಹೊಗಳಿಕಿ ಎಲ್ಲಾ ಹಂಗ ಬಿಟ್ಟೀರಿ. ಮಗಳದೊಂದ ಯಾಕ ತಗದ್ರಿ?" ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಅವನ ಎದುರೇ ಪುಟ ತೆರೆದು ಮೇಲಿನಿಂದ ಕೆಳಗೆ ಓದಿದೆ. ಹನ್ನೊಂದು ಹೊಗಳಿಕೆ ಇದ್ದವು, ಹನ್ನೊಂದೂ ತಿಂದುಂಡವರ ಸ್ವಂತ ಅಭಿಪ್ರಾಯ. ಒಂದನ್ನೂ ನಾನು ಮುಟ್ಟಿರಲಿಲ್ಲ. ನಿನಗೊಬ್ಬಳಿಗೇ ಬೇರೆ ನಿಯಮ ಮಾಡಿ, ಅದನ್ನು ನಿಷ್ಪಕ್ಷಪಾತ ಎಂದು ಕರೆದುಕೊಂಡು ಬೀಗುತ್ತಿದ್ದೆ. ನಾಚಿಕೆಯಾಯಿತು.

ಬಿಲಾಲರ ವಾಕ್ಯವನ್ನು ಒಂದಕ್ಷರ ಬದಲಿಸದೆ ಮರಳಿ ಹಾಕಿದ್ದೇನೆ. ಮೆರ್ಲಿನ್ ನನ್ನ ಮಗಳು, ಅವಳ ಅತಿಥಿಗೃಹದ ಸಾಲನ್ನು ಇನ್ನು ಅಂಬರೀಷ ನೋಡಿಕೊಳ್ಳುತ್ತಾನೆ ಎಂದು ಎಲ್ಲರಿಗೂ ಕಾಣುವಂತೆ ಬರೆದಿದ್ದೇನೆ. ಉಳಿದ ಪುಟ ಮಾತ್ರ ನಾನೇ ತಿದ್ದುವುದು, ಅದರಲ್ಲಿ ರಾಜಿ ಇಲ್ಲ.

ನಿನ್ನ ಮನೆಗೆ ಬಂದವರೆಲ್ಲ ಹೊಟ್ಟೆ ತುಂಬಿಸಿಕೊಂಡು, ನಿನ್ನನ್ನು ಹರಸಿ ಹೋಗಲಿ.

ನಿನ್ನ ಮಮ್ಮಿ,
ವಿಕ್ಟೋರಿಯಾ

ತಾ.ಕ.: ನೀನು ಒಂಬತ್ತನೆಯ ತರಗತಿಯಲ್ಲಿದ್ದಾಗಿನ ಭಾಷಣ ಸ್ಪರ್ಧೆಗೆ ನಾನೇ ತೀರ್ಪುಗಾರ್ತಿ. ಮೊದಲ ಬಹುಮಾನ ನೀಲಿಮಾಳಿಗೆ ಕೊಟ್ಟೆ. ನೀನು ಅವಳಿಗೆ ಚಪ್ಪಾಳೆ ತಟ್ಟಿ, ಆಮೇಲೆ ನನ್ನ ಹತ್ತಿರ ಬಂದು, "ಟೀಚರ್, ನಂದೇನ್ ತಪ್ಪಾತ್ರಿ?" ಎಂದು ಕೇಳಿದೆ. ಶಾಲೆಯಲ್ಲಿ ನನ್ನನ್ನು ಹಾಗೇ ಕರೆಯುತ್ತಿದ್ದೆ. "ಉಚ್ಚಾರ ಸುಧಾರಿಸಬೇಕು" ಎಂದೆ. ಅಂದಿನಿಂದ ನೀನು ವೇದಿಕೆ ಹತ್ತಲೇ ಇಲ್ಲ. ಮಗಳಿಗೇ ಕೊಟ್ಟಳು ಎಂದು ಜನ ಆಡಿಕೊಂಡಾರೆಂದು ಹೆದರಿದ್ದೆ. ನಿನ್ನ ಉಚ್ಚಾರದಲ್ಲಿ ಒಂದು ತಪ್ಪೂ ಇರಲಿಲ್ಲ, ಮಗಳೇ.