ಉಪ್ಪಿನ ಬಾಗಿಲ ಒಳಗಡೆ

1997 ನವೆಂಬರ್ 18, ಮಂಗಳವಾರ. ಬೆಳಿಗ್ಗೆ

ಮತ್ತೆ ಸತ್ತೆ. ಅದೇ ಬಾವಿ, ಅದೇ ಎಲುಬಿನ ನಾಯಿ. ‘ಉಪ್ಪಿನ ಕೋಟೆ’ ಗೇಮ್ ಮಾಡಿದವನು ಕೈಗೆ ಸಿಕ್ಕರೆ ಕೇಳಬೇಕು, ನಿನಗೆ ನಾನೇನು ಅನ್ಯಾಯ ಮಾಡಿದ್ದೆ ಮಾರಾಯ ಅಂತ.

ವಸತಿಗೃಹದ ಅಜ್ಜಿ ತಿಂಡಿ ಇಟ್ಟು ಹೋದರು. ಅನ್ನ, ಮಿಸೊ ಸಾರು, ಸುಟ್ಟ ಮೀನು. ಟಿವಿ ಕಡೆ ಬಗ್ಗಿ ನೋಡಿ, “ಅಯ್ಯೋ, ಇನ್ನೂ ಬಾವಿ ಹತ್ರಾನೇ ಇದೀರಾ?” ಅಂದರು. ನಿನ್ನೆ ಊಟ ತಂದಾಗಲೂ ಅಲ್ಲೇ ಇದ್ದೆನಂತೆ. ಮಾನ ಹೋಯಿತು.

ಕೆಳಗೆ ಸಂಪಾದಕ ಕುರಾಮೊಚಿ ಪೇಪರ್ ಹಿಡಿದು ಕೂತಿದ್ದಾರೆ. ತಡ ಮಾಡುವ ಬರಹಗಾರರನ್ನು ಹೋಂಗೊ ಬಡಾವಣೆಯ ಯಾವುದಾದರೂ ಹಳೆಯ ವಸತಿಗೃಹಕ್ಕೆ ತಂದು ಕೂಡಿಹಾಕುವುದು ಇಲ್ಲಿನ ಪದ್ಧತಿ. ಡಬ್ಬಿಗೆ ಹಾಕುವುದು ಅನ್ನುತ್ತೇವೆ. ದೊಡ್ಡ ಕಾದಂಬರಿಕಾರರಿಗೆ ಇದೊಂದು ಮರ್ಯಾದೆ. ಗೇಮ್ ಪತ್ರಿಕೆಗೆ ಬರೆಯುವ ನನಗೆ... ಡಬ್ಬಿ, ಅಷ್ಟೇ. ಕೋಣೆಗೆ ಬೀಗವಿಲ್ಲ. ನನ್ನ ಬೂಟು ಇಟ್ಟ ಗೂಡಿನ ಮರದ ಕೀಲಿ ಮಾತ್ರ ಕುರಾಮೊಚಿ ಜೇಬಿನಲ್ಲಿದೆ.

ಕೆಲಸ ಇದು: ಈಗಾಗಲೇ ಅಂಗಡಿಗೆ ಬಂದಿರುವ, ರಾಜರಾಣಿ, ರಾಕ್ಷಸರ ಮೂರು ವಿಡಿಯೋ ಗೇಮುಗಳು. ಯಾವುದು ಎಷ್ಟು ಕಷ್ಟ, ಯಾವುದರಲ್ಲಿ ಅಲೆದಾಡಲು ಜಾಗ ಹೆಚ್ಚು, ಯಾವುದನ್ನು ಮುಗಿಸಿದ ಮೇಲೂ ಮತ್ತೆ ಆಡಬೇಕು ಅನ್ನಿಸುತ್ತದೆ — ಹೋಲಿಸಬೇಕು. ಕೊನೆಯವರೆಗೆ ಆಡಿದ್ದೇನೆ ಅನ್ನುವುದಕ್ಕೆ ಲೇಖನದ ಕೆಳಗೆ ನನ್ನ ಹೆಸರಿನ ಕೆಂಪು ಮುದ್ರೆ. ಅದಿಲ್ಲದೆ ನಮ್ಮಲ್ಲಿ ಯಾವ ವಿಮರ್ಶೆಯೂ ಅಚ್ಚಾಗುವುದಿಲ್ಲ. ಅಂಗಡಿಯಲ್ಲಿ ಮಕ್ಕಳು ಅಂಕಕ್ಕಿಂತ ಮೊದಲು ಮುದ್ರೆ ನೋಡುತ್ತವೆ.

ಭಾನುವಾರ ಮಧ್ಯಾಹ್ನ ಹೊರಗಿರಲೇಬೇಕು. ಉಎನೊ ಮೃಗಾಲಯದ ಗೇಟು. ಸಯೋ. ವಿಚ್ಛೇದನ ಆದಾಗ ಒಪ್ಪಿಕೊಂಡದ್ದು, ಮಗಳು ಅವಳಪ್ಪನ ಹತ್ತಿರ, ತಿಂಗಳಿಗೊಂದು ಸಲ ನನಗೆ ಭೇಟಿ. ಸೆಪ್ಟೆಂಬರಿನಲ್ಲಿ ಹೋಗಲಾಗಲಿಲ್ಲ. ಅಕ್ಟೋಬರಿನಲ್ಲೂ. ಅತ್ತೆ ಫೋನಿನಲ್ಲಿ ಹೇಳಿದರು, “ಮಗು ಗೇಟಿನ ಹತ್ರ ಕಾದು ಕಾದು ಅಳ್ತಾ ಬಂತು. ಇನ್ನೊಂದ್ಸಲ ಹೀಗಾದ್ರೆ ಈ ಭೇಟಿಗೀಟಿ ಎಲ್ಲ ಸಾಕು.” ಅವರದು ತಪ್ಪು ಅನ್ನಲಾರೆ.

19, ಬುಧ

ನಾಯಿ ಸತ್ತಿತು. ಚೀರಿದೆ. ಕೆಳಗಿನಿಂದ ಅಜ್ಜಿಯೂ ಚೀರಿದರು, ಏನಾಯ್ತು ಅಂತ.

‘ಗಾಳಿ ದ್ವೀಪ’ ಮುಗಿದಿದೆ. ಕಷ್ಟ ಅನ್ನುವುದೇ ಇಲ್ಲ, ರಾಕ್ಷಸರು ಬೀಗರ ಹಾಗೆ ದಾರಿ ಬಿಡುತ್ತಾರೆ. ಆದರೆ ಅಲೆದಾಟ! ಜಲಪಾತದ ಹಿಂದೆ ನುಗ್ಗಿದೆ. ನಿಧಿ ಇಲ್ಲ, ಕತ್ತಿ ಇಲ್ಲ. ಒಂದು ಬೆಂಚು. ಕೂತರೆ ಸಮುದ್ರ ಕಾಣುತ್ತದೆ. ಯಾರೋ ಪುಣ್ಯಾತ್ಮ ಸುಮ್ಮನೆ ಹಾಕಿಟ್ಟಿದ್ದಾನೆ. ಕೆಲಸ ಬಿಟ್ಟು ಕೂತೇ ಇದ್ದೆ. ಈ ಕೋಣೆಯ ಕಿಟಕಿಯಿಂದ ಕಾಣುವುದು ಪಕ್ಕದ ಮನೆಯ ಗೋಡೆ.

‘ಏಳು ಮುಖದ ರಾಣಿ’ ಎರಡು ಸಲ ಮುಗಿಸಿದೆ. ಯಾರ ಪಕ್ಷ ಹಿಡಿದೆವೋ ಹಾಗೆ ಕಥೆಯೇ ಬದಲು. ಮೊದಲ ಸಲ ದ್ರೋಹಿ ಅಂದುಕೊಂಡ ಮಂತ್ರಿ ಎರಡನೇ ಸಲ ರಾಣಿಗಾಗಿ ಸತ್ತ. ಅತ್ತುಬಿಟ್ಟೆ. ಮತ್ತೆ ಆಡಲು ಇದಕ್ಕಿಂತ ಬೇರೆ ಇಲ್ಲ.

ಕುರಾಮೊಚಿ ಮೇಲೆ ಬಂದು ಕೇಳಿದರು, “ಮೂರರಲ್ಲಿ ಯಾವುದು ಮೇಲು?”

“ಕಷ್ಟಕ್ಕೆ ಒಂದು, ಸುತ್ತೋಕೆ ಒಂದು, ಮತ್ತೆ ಆಡೋಕೆ ಒಂದು.”

“ಗಂಡು ಹುಡುಕೋ ಹಾಗಿದೆ ನೀವು ಹೇಳೋದು. ಮುಖಪುಟಕ್ಕೆ ಒಂದೇ ಹೆಸರು ಬೇಕು, ಅರಿಸಾಕಾ ಅವರೇ.”

ಮನಸ್ಸಿನಲ್ಲಿ ‘ಉಪ್ಪಿನ ಕೋಟೆ’ಯೇ. ದಿನವಿಡೀ ಬಯ್ಯುತ್ತೇನೆ, ಆದರೆ ಅದು ಮೋಸ ಮಾಡುವುದಿಲ್ಲ. ಸತ್ತಾಗಲೆಲ್ಲ ತಪ್ಪು ನನ್ನದು ಅಂತ ಗೊತ್ತಾಗುತ್ತದೆ.

20, ಗುರುವಾರ

ಕೆಳಗಿನ ಫೋನಿನಲ್ಲಿ ಸಯೋ.

“ಅಮ್ಮಾ, ಬರ್ತೀಯಾ?”

“ಬರ್ತೀನಿ ಪುಟ್ಟಿ.”

“ಹೋದ್ಸಲನೂ ಹಿಂಗೇ ಅಂದಿದ್ದೆ.”

“ಈ ಸಲ ನಿಜ.”

“ಹೋದ್ಸಲ ಸುಳ್ಳಾ ಹಾಗಾದ್ರೆ?” ಒಂಬತ್ತು ವರ್ಷ. ವಕೀಲಳಾಗುತ್ತಾಳೆ.

ಕುರಾಮೊಚಿ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದರು. ಪುಟ ತಿರುಗಿಸಲಿಲ್ಲ.

21, ಶುಕ್ರ. ಮಧ್ಯಾಹ್ನ

ಕೆಟ್ಟೆ.

‘ಉಪ್ಪಿನ ಕೋಟೆ’ಯ ಕೊನೆಯ ಭಾಗ. ಉಪ್ಪಿನ ಬಾಗಿಲು ದಾಟಿದೆ. ಒಳಗೆ ಸೇವ್ ಮಾಡುವ ಕಲ್ಲು, ಅಲ್ಲಿಯವರೆಗಿನ ಆಟವನ್ನು ಉಳಿಸಿಟ್ಟುಕೊಳ್ಳುವ ಜಾಗ. ಕಲ್ಲು ಕಂಡರೆ ಸಾಕು, ಸೇವ್ ಮಾಡುತ್ತೇವೆ, ಮನೆಗೆ ಬಂದ ಕೂಡಲೇ ಬೂಟು ಬಿಚ್ಚುವ ಹಾಗೆ, ಯೋಚನೆ ಇಲ್ಲದೆ. ಮಾಡಿಬಿಟ್ಟೆ. ಆಮೇಲೆ ನೋಡುತ್ತೇನೆ, ಮೈಗೆ ವಿಷ ಏರಿದೆ. ಮದ್ದು ಖಾಲಿ. ಬಾಗಿಲು ಹಿಂದೆ ಮುಚ್ಚಿಕೊಂಡಿದೆ. ನಾಲ್ಕು ಹೆಜ್ಜೆ ಇಟ್ಟರೆ ಸಾವು. ಮತ್ತೆ ಶುರು ಮಾಡಿದರೆ ಅದೇ ಕಲ್ಲು, ಅದೇ ವಿಷ. ಈ ಗೇಮಿನಲ್ಲಿ ಸೇವ್ ಒಂದೇ — ಹಳೆಯದನ್ನು ಅಳಿಸಿ ಹೊಸದು ಕೂರುತ್ತದೆ.

ಸೇವ್ ಮಾಡುವ ಮುಂಚೆ ಮೈ ನೋಡಿಕೊಳ್ಳಿ ಅಂತ ಎಲ್ಲ ಸಂಚಿಕೆಯಲ್ಲೂ ಬರೆಯುವವಳು ನಾನೇ.

ಎಡಕ್ಕೆ ಹೋದೆ. ಬಲಕ್ಕೆ ಹೋದೆ. ಗೋಡೆ ತಡವಿದೆ. ಊಟದವರೆಗೂ ಸತ್ತೆ, ಊಟ ಆದ ಮೇಲೂ ಸತ್ತೆ. ಮೊದಲಿನಿಂದ ಆಡಲು ವಾರ ಬೇಕು. ಭಾನುವಾರ ಹೋಯಿತು. ಸಯೋ ಹೋದಳು.

22, ಶನಿ

ಕುರಾಮೊಚಿಗೆ ಎಲ್ಲ ಹೇಳಿದೆ. ಕೈಮುಗಿದೆ.

“ನಾಳೆ ಎರಡು ಗಂಟೆ ಹೊತ್ತು ಬಿಡಿ. ಮಗಳನ್ನ ನೋಡ್ಕೊಂಡು ಬಂದ್ಬಿಡ್ತೀನಿ.”

“ಹೋದ ವರ್ಷ ಸೋಪು ತರ್ತೀನಿ ಅಂತ ಹೋಗಿ ಮೂರು ದಿನ ಆದ್ಮೇಲೆ ಬಂದ್ರಿ.”

“ಸೋಪು ತಂದಿದ್ದೆನಲ್ಲ.”

“ತಂದಿದ್ರಿ.” ನಗಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, “ಗೇಮ್ ಮಾಡಿದವರೇ ಕೊನೆ ಏನು ಅಂತ ಬರೆದು ಕಳಿಸಿದಾರೆ. ಅದನ್ನ ನೋಡ್ಕೊಂಡು ಲೇಖನ ಮುಗಿಸಿ. ಮುದ್ರೆ ಒತ್ತಿ, ಬೂಟು ಹಾಕ್ಕೊಳಿ, ಮಗಳ ಹತ್ರ ಹೋಗಿ.”

“ಮುದ್ರೆ ಸುಳ್ಳಾಗುತ್ತೆ.”

“ಅಂಕ ಸುಳ್ಳಲ್ವಲ್ಲ? ಅದಕ್ಕೇ ತಾನೇ ನೀವು ಮೊದಲ ಸ್ಥಾನ ಕೊಡ್ತಾ ಇದ್ದಿದ್ದು?”

ಇದ್ದಿದ್ದು ನಿಜ. ಬಾಗಿಲು ದಾಟುವ ಮುಂಚೆ. ಈಗ ಬರೆಯಬೇಕಾದ್ದು ಬೇರೆ: ಕಷ್ಟ ಬೇರೆ, ಬೋನು ಬೇರೆ, ಆ ಕಲ್ಲು ಬೋನು. ಹಾಗೆ ಬರೆದರೆ ನಾನು ಮುಗಿಸಿಲ್ಲ ಅಂತಲೂ ಬರೆಯಬೇಕು. ಮುಗಿಸದಿದ್ದರೆ ಮುದ್ರೆ ಇಲ್ಲ. ಮುದ್ರೆ ಇಲ್ಲದಿದ್ದರೆ ಬೂಟು ಇಲ್ಲ.

ಕುರಾಮೊಚಿ ಕೆಟ್ಟವರಲ್ಲ. ಹೋಗುವಾಗ ಸುಟ್ಟ ಗೆಣಸು ಇಟ್ಟು ಹೋದರು, ಬಿಸಿ ಇತ್ತು. ಅದೂ ಸಿಟ್ಟು ತರಿಸಿತು.

23, ಭಾನುವಾರ. ಬೆಳಿಗ್ಗೆ

ಬರೆದೆ. “ಕಠಿಣ, ಆದರೆ ನ್ಯಾಯವಂತ. ಕೊನೆಯ ದೃಶ್ಯ ಕಣ್ಣು ತುಂಬಿಸುತ್ತದೆ.” ಮೊದಲ ಸ್ಥಾನ. ಒತ್ತಿದೆ. ಮುದ್ರೆ ಬಹಳ ಚೆನ್ನಾಗಿ ಬಿತ್ತು, ಒಂದು ಗೆರೆಯೂ ಅಲುಗಿಲ್ಲ.

ಕುರಾಮೊಚಿ ಎರಡು ಸಲ ಓದಿ, ಕೀಲಿ ಕೊಟ್ಟರು.

ಅದೇ ದಿನ. ಉಎನೊ

ಇದ್ದಳು! ಅತ್ತೆಯ ಕೈ ಹಿಡಿದು, ಗೇಟಿನ ಎಡಗಡೆ. ಎತ್ತರ ಆಗಿದ್ದಾಳೆ, ಹೊಸ ಹಲ್ಲು ಬಂದಿದೆ. ನಾನು ನೋಡದೆ ಬಂದ ಹಲ್ಲು. ಅತ್ತೆ ಬಗ್ಗಿ ವಂದಿಸಿ, “ಐದಕ್ಕೆ ಬರ್ತೀನಿ” ಅಂದರು. ನಾನು ಇನ್ನೂ ಕೆಳಕ್ಕೆ ಬಗ್ಗಿದೆ.

ಆನೆ ನೋಡಿದೆವು. ಐಸ್‌ಕ್ರೀಂ, ಈ ಚಳಿಯಲ್ಲಿ, ಅವಳೇ ಕೇಳಿದ್ದು. ತಿಂಗಳುಗಟ್ಟಲೆ ನಗದೆ ಇದ್ದದ್ದನ್ನೆಲ್ಲ ಸೇರಿಸಿ ನಕ್ಕೆ.

ಬೆಂಚಿನ ಮೇಲೆ ಕೂತ ಮೇಲೆ ಕಿವಿಗೆ ಬಾಯಿ ಇಟ್ಟಳು. “ಅಮ್ಮಾ, ನಗಬಾರ್ದು.”

“ನಗಲ್ಲ.”

“ಉಪ್ಪಿನ ಬಾಗಿಲು ಒಳಗೆ ಸೇವ್ ಮಾಡ್ಬಿಟ್ಟೆ. ವಿಷ ಏರಿತ್ತು.”

ನಗಲಿಲ್ಲ.

“ಅಪ್ಪ ಮೊದಲಿಂದ ಆಡು ಅಂತಾರೆ. ಕ್ಲಾಸಲ್ಲಿ ತುಂಬಾ ಜನಕ್ಕೆ ಹಿಂಗೇ ಆಗಿದೆ, ಗೇಮೇ ಹಾಳು ಅಂತಾರೆ. ನಾನು ಜಗಳ ಆಡಿದೆ ಗೊತ್ತಾ? ನಮ್ಮಮ್ಮ ಆಚೆ ಬಂದಿರ್ತಾಳೆ, ಪತ್ರಿಕೆ ಬರಲಿ, ಮುದ್ರೆ ಇರುತ್ತೆ ನೋಡ್ಕೊಳಿ ಅಂದೆ. ಮುದ್ರೆ ಇದೆ ಅಲ್ವಾ?”

“ಇದೆ.”

“ನಂಗೊತ್ತಿತ್ತು! ಹೇಗೆ ಆಚೆ ಬಂದೆ?”

“ಕೈ ಎಲ್ಲಾ ಅಂಟು. ತೊಳ್ಕೊಂಡು ಬಾ, ಹೇಳ್ತೀನಿ.”

ನಲ್ಲಿಯ ಹತ್ತಿರ ನಿಂತಿದ್ದಾಳೆ, ಇಲ್ಲಿಂದಲೇ ಕಾಣುತ್ತಾಳೆ. ಅವಳ ಹಿಂದೆ ಫೋನ್ ಬೂತ್. ಪುಟಗಳು ಅಚ್ಚಿಗೆ ಹೋಗುವುದು ಸಂಜೆ. ಈಗ ಕುರಾಮೊಚಿಗೆ ಫೋನ್ ಮಾಡಿದರೆ ನನ್ನ ಲೇಖನ ತೆಗೆಸಬಹುದು. ಮುಖಪುಟ ಬೀಳುತ್ತದೆ, ಕೆಲಸ ಹೋಗುತ್ತದೆ, ಇವಳು ಕ್ಲಾಸಿನಲ್ಲಿ ತಲೆ ತಗ್ಗಿಸಬೇಕಾಗುತ್ತದೆ. ಮಾಡದಿದ್ದರೆ ಇವಳಿಗೆ ಒಂದು ದಾರಿ ಹುಟ್ಟಿಸಿ ಹೇಳಬೇಕು. ಮನೆಗೆ ಹೋಗಿ ಆ ದಾರಿಯಲ್ಲೇ ಹುಡುಕುತ್ತಾಳೆ. ಎಡಕ್ಕೆ, ಬಲಕ್ಕೆ, ಗೋಡೆ ತಡವುತ್ತಾ. ಅಮ್ಮ ಆಚೆ ಬಂದಿದ್ದಾಳೆ ಅಂತ ನಂಬಿಕೊಂಡು.

ಓಡಿ ಬಂದಳು. ಒದ್ದೆ ಕೈ ನನ್ನ ಕೋಟಿಗೇ ಒರೆಸುತ್ತಿದ್ದಾಳೆ. ಏನು ಬರೀತಿದೀಯಾ, ದಾರಿನಾ, ತೋರಿಸು ಅನ್ನುತ್ತಿದ್ದಾಳೆ. ಸಯೋ, ನಾನು ಆಚೆಗೆ ಬಂದೇ ಇಲ್ಲ.