ಸಂಕದಾಚೆಯ ರಬ್ಬರ್ ಮರಗಳು

ಪ್ರೀತಿಯ ರೋಬಿನ್,

ಗಾನಶ್ರೀಯ ಮದುವೆ ಕಾಗದ ನಿನ್ನ ಮನೆಗೆ ಬರುವ ಮೊದಲು ಈ ಪತ್ರ ನಿನಗೆ ಸಿಗಬೇಕು. ಫೋನಿನಲ್ಲೇ ಹೇಳೋಣವೆಂದು ಹೊರಟೆ, ರಿಂಗ್ ಆಗುವ ಮೊದಲೇ ಇಟ್ಟುಬಿಟ್ಟೆ.

ಹೋದ ವರ್ಷ ನೀವಿಬ್ಬರೂ ಆಮಂತ್ರಣ ಪತ್ರಿಕೆ ಮಾಡುವ ಪುತ್ತೂರಿನ ನನ್ನ ಅಂಗಡಿಗೆ ಬಂದು, ತಮಾಷೆಗೆಂದು ನಿಮ್ಮ ಮದುವೆಯ ಕಾಗದ ಮಾಡಿಸಿದ್ದು ನೆನಪಿದೆಯಾ? ಅದರ ಮೇಲಿನ ಚಿತ್ರದಲ್ಲಿ ಕಡಬದ ನಿಮ್ಮಿಬ್ಬರ ಜಾಗದ ನಡುವೆ ಹರಿಯುವ ತೋಡು, ಅದನ್ನು ದಾಟಲು ಮರದ ಸಂಕ, ಈಚೆ ಅವಳ ಅಡಿಕೆ, ಆಚೆ ನಿನ್ನ ರಬ್ಬರ್. ಪೆನ್ಸಿಲಿನಲ್ಲಿ ಬಿಡಿಸಿದವನು ನೀನು, ಬಣ್ಣ ಅವಳದು. ಹೆಸರು ಬರೆಯುವ ದಿನ ಬಂದೇ ಬರುತ್ತದೆಂದು ನಂಬಿ ನಾನು ಅದನ್ನು ಗೋಡೆಗೆ ಸಿಕ್ಕಿಸಿದ್ದೆ. ಮನೆಯಲ್ಲಿ ಹೇಳಿ ಹೇಳಿ ಎಂದು ನಿಮಗೆಷ್ಟು ಬೈದೆ. ಇಬ್ಬರೂ ಹೆದರಿ ಕೂತಿರಿ. ಈಗ ಸುಳ್ಯದ ಹುಡುಗನ ಜೊತೆ ಅವಳ ಮದುವೆ ನಿಶ್ಚಯವಾಗಿದೆ.

ಸೋಮವಾರ ಅವಳ ಅಪ್ಪ ಪರಮೇಶ್ವರಣ್ಣ ಮಗಳನ್ನು ಕರೆದುಕೊಂಡು ಬಂದರು. ಎಲ್ಲರದ್ದರ ಹಾಗೆ ಬೇಡ, ನಮ್ಮದೇ ಅನ್ನಿಸಬೇಕು ಎಂದರು. ನಾನು ಮಾದರಿಗಳನ್ನು ಹರಡಿದರೆ ಅವರ ಕಣ್ಣು ಗೋಡೆಗೇ ಹೋಯಿತು. "ಇದು ನಮ್ಮ ತೋಡಿನ ಹಾಗೇ ಉಂಟಲ್ಲ ಮಾರಾಯ್ತಿ. ಇದೇ ಇರ್ಲಿ." ಬೇರೆಯವರಿಗೆ ಮಾಡಿದ್ದು ಎಂದೆ. "ಅವರಿಗೆ ಬೇರೆ ಮಾಡಿ ಕೊಡು" ಎಂದು ನಕ್ಕರು. ಗಾನಶ್ರೀ ನೆಲ ನೋಡುತ್ತಿದ್ದಳು. ಯಾರಿಗೂ ಹೇಳುವುದಿಲ್ಲವೆಂದು ನಿಮ್ಮಿಬ್ಬರಿಗೂ ಮಾತು ಕೊಟ್ಟವಳು ನಾನು, ಏನು ಹೇಳಲಿ?

"ಹುಡುಗನ ಕಡೆ ರಬ್ಬರ್ ಇಲ್ಲ, ಅದನ್ನು ತೆಗ್ದು ತೆಂಗು ಹಾಕು" ಎಂದರು. ಚಿತ್ರವನ್ನು ಸ್ಕ್ಯಾನ್ ಮಾಡಿ, ಅವಳೆದುರೇ ಕಂಪ್ಯೂಟರಿನಲ್ಲಿ ನಿನ್ನ ಮರಗಳನ್ನು ಒಂದೊಂದಾಗಿ ಅಳಿಸಿದೆ ರೋಬಿನ್. ನನ್ನ ಕೈಗೆ ಬೆಂಕಿ ಬೀಳಲಿ ಅನ್ನಿಸಿತು. ಕೊನೆಯ ಮರಕ್ಕೆ ಬಂದಾಗ ಅವಳು "ಒಂದು ಇರ್ಲಿ ಅಪ್ಪ, ಚಂದ ಉಂಟು" ಎಂದಳು. ಅವಳಿಂದಾದದ್ದು ಅಷ್ಟೇ. "ಒಂದೇ ಮರ ಎಂತಕ್ಕೆ, ಒಂಟಿ ಕಾಣ್ತದೆ" ಎಂದರು, ಪಾಪ, ಚಂದಕ್ಕೆಂದೇ. ಅದನ್ನೂ ಅಳಿಸಿದೆ.

ಹೊರಡುವಾಗ ನಿನ್ನಪ್ಪನ ಹೆಸರೆತ್ತಿ ಹೇಳಿದರು, "ದೇವರ ಎದುರು ಇಟ್ಟ ಮೇಲೆ ಮೊದಲ ಕಾಗದ ಉಲಹನ್ನಾನ್ ಮನೆಗೆ. ನೆರೆಕರೆಯಲ್ವಾ, ನಾನೇ ಹೋಗಿ ಕರೀಬೇಕು." ಭಾನುವಾರ, ನೀವು ಇಗರ್ಜಿಯಿಂದ ಮರಳುವ ಹೊತ್ತಿಗೆ, ಅದೇ ಸಂಕ ದಾಟಿ ನಿನ್ನ ಅಪ್ಪನನ್ನು ಕರೆಯಲು ಬರುತ್ತಾರೆ. ನಿನ್ನಮ್ಮ ಚಿತ್ರ ಚಂದ ಉಂಟೆಂದು ನಿನ್ನ ಕೈಗೂ ಕೊಡುತ್ತಾರೆ. ಪರಮೇಶ್ವರಣ್ಣನ ಮೇಲೆ ಸಿಟ್ಟಾಗಬೇಡ. ಆ ಮನುಷ್ಯನಿಗೆ ಏನೂ ಗೊತ್ತಿಲ್ಲ.

ಗೋಡೆಯ ಚಿತ್ರವನ್ನು ತೆಗೆದು ಇದರ ಜೊತೆ ಇಟ್ಟಿದ್ದೇನೆ. ನಿನ್ನ ಮರಗಳೆಲ್ಲ ಅದರಲ್ಲಿವೆ.

ಭಾನುವಾರ ನಿನ್ನನ್ನು ನಿನ್ನ ದೇವರೂ ನನ್ನ ದೇವರೂ ಕಾಯಲಿ.

ಬರೇ ನೋಡುತ್ತ ಕೂತ ನಿನ್ನ ಗೆಳತಿ,
ಪ್ರೀತಿಕಾ